ಸೀಗೋ ಹೂವಿನ ಎಸಳು

“ಉಗುಳೇ, ಮುಂಬಿ! ಉಗುಳು!” ತೊಯಾ ಮಗಳ ಬಾಯಿಗೆ ಬೆರಳು ಹಾಕಿದಳು. ಗೆಡ್ಡೆ ಆಗಲೇ ಗಂಟಲಿಳಿದಿತ್ತು.

ಕಣ್ಣು ಕಾಣದ ಅಜ್ಜಿ ಬುಟ್ಟಿಯೊಳಗೆ ಕೈಯಾಡಿಸಿದಳು. ಬರೀ ಗೆಡ್ಡೆ. “ಹೂವೆಲ್ಲೇ? ಸೀಗೋ ಗೆಡ್ಡೆನ ಹೂವಿನ ಸಮೇತ ತಾ ಅಂತ ಎಷ್ಟು ಸಲ ಬಡ್ಕೊಂಡಿದೀನಿ! ಹೂವಿಲ್ದಿದ್ರೆ ಅದೂ ವಿಷಗೆಡ್ಡೆನೂ ಒಂದೇ ಥರ ಇರ್ತಾವೆ!”

“ಗುಡ್ಡದ ಮೇಲೆ ಅರ್ಧಕ್ಕರ್ಧ ಹೂ ಉದುರಿ ಹೋಗಿತ್ತು, ಅವ್ವಾ. ಕೂಸು ಮೂರು ದಿನದಿಂದ ಉಪವಾಸ. ಎಲೆ ನೋಡಿ ಅಗೆದೆ. ನಿಂಗೆ ಗೊತ್ತಾಗ್ಬಾರ್ದು ಅಂತ ಹೂವಿದ್ದದ್ದು, ಇಲ್ಲದ್ದು ಎಲ್ಲಾದರ ದಂಟೂ ಮುರಿದೆ. ಕೂಸು ಬಾಯಿಗಿಟ್ಕೊಂಡಾಗ ಭಯ ಆಯ್ತು.”

ಒಂದು ದಂಟು ಮಾತ್ರ ತೊಯಾಳ ಕಣ್ಣು ತಪ್ಪಿತ್ತು. ಮುಂಬಿ ತಿಂದ ಗೆಡ್ಡೆಯದೇ ಅದು, ಇನ್ನೂ ಮಗುವಿನ ಮುಷ್ಟಿಯಲ್ಲಿತ್ತು. ಅಜ್ಜಿ ಮುಷ್ಟಿ ಬಿಡಿಸಿದಳು. ತುದಿಯಲ್ಲಿ ಏನೋ ಬಾಡಿ ಮುದ್ದೆಯಾಗಿತ್ತು. ವಿಷದ್ದಾದರೆ ಪುಟ್ಟಪುಟ್ಟ ಹೂಗಳ ಗೊಂಚಲು. ಸೀಗೋದ್ದಾದರೆ ಅಗಲವಾದ ಮೂರೇ ಎಸಳು. ಅಜ್ಜಿ ಬೆರಳಿಗೆ ಎಂಜಲು ಹಚ್ಚಿಕೊಂಡು ಮೆಲ್ಲಗೆ ಬಿಡಿಸಿದಳು. “ಒಂದು... ಎರಡು... ಮೂರು.” ಮುಂದಕ್ಕೆ ತಡಕಿದ ಬೆರಳಿಗೆ ಏನೂ ಸಿಗಲಿಲ್ಲ. ಇನ್ನೊಮ್ಮೆ ತಡಕಿದಳು. ಇಲ್ಲ, ಮೂರೇ.

ತೊಯಾ ಮಗಳನ್ನು ತಬ್ಬಿಕೊಂಡು ಬಿಕ್ಕಿಬಿಕ್ಕಿ ಅತ್ತಳು.

“ಅಜ್ಜಿ, ಇನ್ನೊಂದು ಕೊಡು,” ಎಂದು ಮುಂಬಿ ಕೈ ಚಾಚಿದಳು.

ಅಜ್ಜಿ ದಂಟು ಮುರಿದ ಗೆಡ್ಡೆಗಳ ಬುಟ್ಟಿಯನ್ನೆತ್ತಿ ಹಾಗೇ ಪಕ್ಕದ ಹೊಳೆಗೆ ಸುರಿದಳು.