ಗೋಡೆಯ ಮೇಲಿನ ತಕಾವ್ ಪ್ರಾಂತ್ಯ

ಚಂದನ್‌ನ ಕೈಯಿಂದ ಹರಿಪ್ರಿಯಾಳ ಕೈಗೆ ಕಂದು ಕಾಗದದ ಪೊಟ್ಟಣವೊಂದು ದಾಟಿದ್ದನ್ನು ಯತಿರಾಜ್ ಟ್ರಾಮಿನ ಕಿಟಕಿಯಿಂದ ಕಣ್ಣಾರೆ ಕಂಡ. ಚಪ್ಪಟೆ ಪೊಟ್ಟಣ. ಯತಿರಾಜನ ಹೆಂಡತಿ ಅದನ್ನು ಎದೆಗವಚಿಕೊಂಡು ನಕ್ಕಳು. ಆ ನಗು ತನ್ನ ಪಾಲಿಗೆ ಬಂದು ಎಷ್ಟು ದಿನವಾಯಿತೆಂದು ಯೋಚಿಸುತ್ತ ಅವನು ಇಳಿಯಬೇಕಾದ ನಿಲ್ದಾಣವನ್ನೇ ದಾಟಿಹೋದ. ಅಂದು ಸೋಮವಾರ.

ಮಂಗಳವಾರ ಬೆಳಿಗ್ಗೆ ಊಟದ ಮೇಜಿನ ಮೇಲ್ಗಡೆ, ಮರದ ಚೌಕಟ್ಟಿನೊಳಗೆ, ಹಳೆಯ ಅಂಚೆ ಕಾರ್ಡೊಂದು ನೇತಾಡುತ್ತಿತ್ತು. ಚಿತ್ರದ ಮಗ್ಗುಲು ಗೋಡೆಗೆ, ಬರಹದ ಮಗ್ಗುಲು ಮನೆಗೆ. ತೈವಾನಿನಲ್ಲಿದ್ದ ಯಾವನೋ ಜರ್ಮನ್ ವ್ಯಾಪಾರಿ ತನ್ನ ಅಕ್ಕನಿಗೆ ಬರೆದದ್ದು.

"ಚಂದನ್ ಕೊಟ್ಟಿದ್ದಾ?"

"ಹೂಂ, ನಿನ್ನೆ ಕೊಟ್ರು. ಚೆನ್ನಾಗಿದೆ ಅಲ್ವಾ?"

"ಇದೆ" ಎಂದ ಯತಿರಾಜ್.

ಮಂಡ್ಯದ ಹುಡುಗಿ ಹರಿಪ್ರಿಯಾಗೆ ತೈವಾನಿನ ಹುಚ್ಚು ಎಲ್ಲಿಂದ ಹಿಡಿಯಿತೋ ದೇವರೇ ಬಲ್ಲ. ಜಪಾನೀಯರು ಆಳಿದ ಕಾಲದ ಆ ದ್ವೀಪದ ನಕಾಶೆಗಳೇ ಜರ್ಮನಿಯ ಡ್ರೆಸ್ಡೆನ್ ವಿಶ್ವವಿದ್ಯಾಲಯದಲ್ಲಿ ಅವಳ ಸಂಶೋಧನೆ. ಅವನ್ನು ಕಂಪ್ಯೂಟರಿಗೆ ಏರಿಸಿಕೊಡುವವನು ಚಂದನ್. ರಜೆಯಲ್ಲಿ ಏನು ಮಾಡುತ್ತಿದ್ದನೋ, ಸೋಮವಾರ ಬಂದರೆ ಅಂಗೈಯಲ್ಲೊಂದು ಮರದ ಸಿಬಿರು. ಹೋದ ತಿಂಗಳು ಇದೇ ಮೇಜಿನ ಮುಂದೆ ಹರಿಪ್ರಿಯಾ ಅವನ ಕೈ ಹಿಡಿದು ಸೂಜಿಯಿಂದ ಸಿಬಿರು ತೆಗೆದಿದ್ದಳು. ಅದು ಯತಿರಾಜನ ಎದೆಗೆ ಚುಚ್ಚಿಕೊಂಡು ಅಲ್ಲೇ ಕೂತಿತ್ತು.

ತಪ್ಪು ತನ್ನದೂ ಇದೆಯೆಂದು ಅವನಿಗೆ ಗೊತ್ತಿರಲಿಲ್ಲ ಎಂದೇನಲ್ಲ. ಇಬ್ಬರೂ ಹ್ಯಾನೋವರಿನಲ್ಲಿ ಓದುತ್ತಿದ್ದಾಗ ಅವಳ ಮಾತನ್ನೆಲ್ಲ ಬಾಯಿಬಿಟ್ಟುಕೊಂಡು ಕೇಳುತ್ತಿದ್ದ. ಹಳೇ ಸಾಮಾನಿನ ಸಂತೆ ಅಲೆದು ಕೈಗೆ ಸಿಕ್ಕಿದ್ದನ್ನೆಲ್ಲ ತಂದು ಒಪ್ಪಿಸುತ್ತಿದ್ದ. ಮದುವೆಯಾಯಿತು, ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಕೇಳುವುದು ನಿಂತಿತು.

ಈಗ ಕೇಳುವ ಕಾಲವಲ್ಲ, ಕೆಡವುವ ಕಾಲ. ಅಂಥ ಸಂತೆಗಳಲ್ಲಿ ನಕಲಿ ಮಾಲು ಎಷ್ಟಿರುತ್ತದೆಂದು ಅವನು ಬಲ್ಲ. ಕಾರ್ಡಿನ ಬಣ್ಣ ಬಯಲಾದರೆ ಚಂದನ್‌ನ ಬಣ್ಣವೂ ಬಯಲು. ಆರು ವರ್ಷದಿಂದ ಕಪಾಟಿನಲ್ಲಿದ್ದ ಹೆಂಡತಿಯ ಪ್ರಬಂಧವನ್ನು ಮೊದಲ ಸಲ ಕೈಗೆತ್ತಿಕೊಂಡು, ಮೂರು ದಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೂತು ಓದಿದ.

ಜಪಾನೀಯರು ಆಳಿದ ಐವತ್ತು ವರ್ಷ ಆ ದ್ವೀಪದ ಜಿಲ್ಲೆಗಳಿಗೆ ನೆಮ್ಮದಿಯೇ ಇರಲಿಲ್ಲ. ಮೊದಲು ಮೂರು, ಆಮೇಲೆ ಆರು, ಮತ್ತೆ ಮೂರು. ೧೯೦೧ರಲ್ಲಿ ಒಡೆದು ಇಪ್ಪತ್ತು ಮಾಡಿದರು, ೧೯೦೯ರಲ್ಲಿ ಕೂಡಿಸಿ ಹನ್ನೆರಡು. ೧೯೨೦ರಲ್ಲಿ ಅದೂ ಸಾಕೆನಿಸಿ, ಅಳಿಸಿ, ದೊಡ್ಡ ದೊಡ್ಡ ಐದು ಪ್ರಾಂತ್ಯ ಕಟ್ಟಿದರು. ತಕಾವ್ ಪ್ರಾಂತ್ಯ ಹುಟ್ಟಿದ್ದು ಆಗಲೇ.

ಶುಕ್ರವಾರ ಸಂಜೆ ಮನೆಗೆ ಓಡಿಬಂದು ಕಾರ್ಡಿಗೆ ಮೂಗು ತಾಗಿಸಿ ಓದಿದ. ಕಳಿಸಿದವನ ವಿಳಾಸ: ತಕಾವ್ ಪ್ರಾಂತ್ಯ. ತಾರೀಖು: ಮೇ ೧೯೧೨. ಕೂಸು ಹುಟ್ಟುವ ಮುಂಚೆ ಕುಲಾವಿ! ಯತಿರಾಜನಿಗೆ ಕುಣಿಯುವಷ್ಟು ಖುಷಿಯಾಯಿತು.

ಶನಿವಾರ ಹರಿಪ್ರಿಯಾ ಚಂದನ್‌ನನ್ನು ಊಟಕ್ಕೆ ಕರೆದಿದ್ದಳು. ಬೆಳಿಗ್ಗೆಯಿಂದ ಒಬ್ಬಟ್ಟು ತಟ್ಟುತ್ತಿದ್ದಳು.

"ಅವನಿಗೆ ಒಬ್ಬಟ್ಟು ಬೇರೆ?"

"ಇವತ್ತು ಏನು ಅಂತ ನೆನಪಿದೆಯಾ, ಯತಿ?"

"ಶನಿವಾರ."

ಅವಳು ಇನ್ನೊಂದು ಕಣಕದ ಉಂಡೆಗೆ ಹೂರಣ ತುಂಬಿದಳು.

ಎರಡನೇ ಒಬ್ಬಟ್ಟಿಗೆ ತುಪ್ಪ ಬೀಳುವವರೆಗೆ ಯತಿರಾಜ್ ತಡೆದುಕೊಂಡ. ಆಮೇಲೆ ಎದ್ದು ಗೋಡೆಯ ಬಳಿ ನಿಂತ.

"ಈ ಕಾರ್ಡ್ ನಕಲಿ. ತಕಾವ್ ಪ್ರಾಂತ್ಯ ಆಗಿದ್ದೇ ಇಪ್ಪತ್ತರಲ್ಲಿ, ಹನ್ನೆರಡರಲ್ಲಿ ಅಲ್ಲಿಂದ ಕಾಗದ ಹೇಗೆ ಬರುತ್ತೆ? ಅದನ್ನೇ ಓದಿದೋಳಿಗೆ ಇಂಥ ಕಸ ತಂದು ಕೊಡ್ತಾರಲ್ಲ, ಅವರಿಗೆ ನಿನ್ನ ಮೇಲೆ ಎಷ್ಟು ಗೌರವ ಇದೆ ನೋಡು!"

ಚಂದನ್ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. "ಗುರು, ಒಂದ್ನಿಮಿಷ, ನಾನು..."

"ನೀನು ಮಾತಾಡ್ಬೇಡ."

ಹರಿಪ್ರಿಯಾ ಗಂಡನನ್ನೇ ನೋಡುತ್ತಿದ್ದಳು. ಕಣ್ಣು ಒದ್ದೆಯಾಗಿತ್ತು, ತುಟಿಯಲ್ಲಿ ಮಾತ್ರ ನಗು. "ನನ್ನ ಥೀಸಿಸ್ ಓದಿದೆಯಾ?"

"ಓದಿದೆ. ಮಾತು ಮರೆಸಬೇಡ."

"ನಕಲಿ ಅಂತ ನನಗೆ ಮೊದಲ ದಿನವೇ ಗೊತ್ತಿತ್ತು, ಯತಿ."

"ಗೊತ್ತಿದ್ದೂ ಗೋಡೆಗೆ ಹಾಕಿದೆಯಾ?"

"ಕೊಟ್ಟವರಿಗೆ ಗೊತ್ತಿರಲಿಲ್ಲ. ಅವರ ಮುಖದಲ್ಲಿ ಎಷ್ಟು ಸಂತೋಷ ಇತ್ತು ಅಂದ್ರೆ, ಹೇಳೋಕೆ ಮನಸ್ಸು ಬರಲಿಲ್ಲ. ನನ್ನ ಹತ್ರ ಇರೋ ಅಸಲಿ ಕಾರ್ಡ್‌ಗಳನ್ನೆಲ್ಲ ಬೇಕಾದ್ರೆ ಕೊಟ್ಟುಬಿಡ್ತೀನಿ. ಇದೊಂದನ್ನ ಕೊಡಲ್ಲ."

ಯತಿರಾಜ್ ಗೆದ್ದೆನೆಂದುಕೊಂಡ ಗಳಿಗೆಯಲ್ಲೇ ಹೆಂಡತಿ ಕೈತಪ್ಪಿ ಹೋಗಿದ್ದಳು, ಅದೂ ಆ ಸಿಬಿರಿನವನ ಎದುರಿಗೆ.

ಅವಳು ಎದ್ದು ಬಂದು ಚೌಕಟ್ಟನ್ನು ಮೊಳೆಯಿಂದ ಇಳಿಸಿದಳು.

"ಚಂದನ್ ಮರಗೆಲಸ ಮಾಡ್ತಾರೆ. ಎರಡೂ ಕಡೆ ಗಾಜು ಹಾಕಿ ಚೌಕಟ್ಟು ಮಾಡಿಕೊಡಿ ಅಂತ ನಾನೇ ಕೇಳಿದ್ದೆ. ನೀನು ಒಂದು ಸಲ ತಿರುಗಿಸಿ ನೋಡ್ತೀಯ ಅಂತ ಮಂಗಳವಾರದಿಂದ ಕಾಯ್ತಾ ಇದ್ದೀನಿ."

ತಿರುಗಿಸಿದಳು. ಕಬ್ಬು ಹೇರಿದ ಎತ್ತಿನ ಗಾಡಿಯ ಚಿತ್ರ. ಅದರ ಕೆಳಗೆ ಮಾಸಿದ ನೀಲಿ ಶಾಯಿಯಲ್ಲಿ ಕನ್ನಡದ ಮೂರು ಸಾಲು, ಹತ್ತು ವರ್ಷದ ಹಿಂದಿನ ಇದೇ ದಿನದ ತಾರೀಖು:

"ಮಂಡ್ಯದ ಹುಡುಗಿಗೆ ಕಬ್ಬಿನ ಗಾಡಿ. ಹ್ಯಾನೋವರ್ ಸಂತೆಯಲ್ಲಿ ಸಿಕ್ಕಿತು, ನೂರಕ್ಕೆ ನೂರು ಅಸಲಿ. ಮದುವೆ ಆಗ್ತೀಯಾ? — ಯತಿ."