ವಿಟ್ಬಿಯಲ್ಲಿ ಚೆಲ್ಲಿದ ಚರಗ

ವಿಟ್ಬಿಯ ಸಮುದ್ರದಂಡೆಯಲ್ಲಿ ನಮ್ಮ ಅತ್ತೆ ರಾಯವ್ವ ಬುತ್ತಿಗಂಟು ಬಿಚ್ಚಿದರು. ಅರ್ಧ ಇಂಗ್ಲೆಂಡಿಗೆ ಕಡುಬಿನ ವಾಸನೆ ಹಬ್ಬಿತು. ಅಂದು ಶೀಗಿ ಹುಣ್ಣಿಮೆ. ತಮ್ಮೂರು ಮನೋಳಿಯಲ್ಲಿದ್ದಿದ್ದರೆ ಅವರು ಹೊಲದ ನಾಲ್ಕೂ ದಿಕ್ಕಿಗೆ ಅಡಿಗೆ ಎರಚಿ ಭೂಮಿತಾಯಿಗೆ ಚರಗ ಚೆಲ್ಲಬೇಕಿತ್ತು. ಮದುವೆಯಾದಾಗಿನಿಂದ ಒಂದು ವರ್ಷವೂ ತಪ್ಪಿಸದವರು ಈ ಸಲ ಮಗಳ ಮನೆಗೆಂದು ಲೀಡ್ಸಿಗೆ ಬಂದಿದ್ದರು. ಊರಲ್ಲಿ ಮಗ ಬಾಳೇಶ ಚೆಲ್ಲುತ್ತಾನೆ, ನಿಜ. ಆದರೆ ಅವನ ಕೈಗುಣದ ಮೇಲೆ ಅವರಿಗೆ ನಂಬಿಕೆಯಿಲ್ಲ.

ಬೆಳಿಗ್ಗೆಯಿಂದ ಊರು ತೋರಿಸಿದವನು ನಾನೇ. ಲೀಡ್ಸಿನಲ್ಲಿ ಬಸ್ ಓಡಿಸುವ ನನ್ನನ್ನು ವಿಟ್ಬಿಯ ಒಂದೊಂದು ಕಲ್ಲೂ ಹೆಸರು ಹಿಡಿದು ಮಾತಾಡಿಸುತ್ತದೆ. ಗುಡ್ಡದ ಮೆಟ್ಟಿಲು ಎಷ್ಟು ಎತ್ತರವೆಂದರೆ ಅರ್ಧಕ್ಕೇ ಮೋಡ ಕಾಲಿಗೆ ತೊಡರುತ್ತಿತ್ತು. ಎಲ್ಲಮ್ಮನ ಗುಡ್ಡವೆಂಬಂತೆ ಅತ್ತೆ ಕೆಳಗೇ ಚಪ್ಪಲಿ ಬಿಟ್ಟು ಹತ್ತಿದ್ದರು. ಮೇಲೆ ಹಾಳುಬಿದ್ದ ಹಳೆಯ ಕ್ರೈಸ್ತ ಮಠ.

“ಥೇಟ್ ಕಿತ್ತೂರ ಕ್ವಾಟಿ ನೋಡಿದಂಗ ಆತು. ನಮ್ಮದನ್ನ ಇವರು ಕೆಡವಿದ್ರು. ಇವರದನ್ನ ಯಾರು ಕೆಡವಿದ್ರರಿ ಅಳಿಯಂದ್ರ?”

“ಇವರ ರಾಜಾನ ಕೆಡವಿಸಿದ್ದರಿ ಅತ್ತಿ.”

“ಹಂಗಾರ ಮೊದಲಿಂದನೂ ರೂಢಿ ಐತಿ ಬಿಡ್ರಿ.”

ಈಗ ದಂಡೆಯಲ್ಲಿ ಅತ್ತೆ ಸೆರಗು ಸಿಕ್ಕಿಸಿ, ಬುತ್ತಿಯ ಬುಟ್ಟಿ ಹಿಡಿದು ಎದ್ದರು. ನನ್ನ ಹೆಂಡತಿ ಮಂಜುಳಾ ಕೈ ಹಿಡಿದಳು. “ಬ್ಯಾಡಬೇ ಯವ್ವಾ. ಹಕ್ಕಿಗೆ ಏನೂ ಹಾಕಬಾರದಂತ ಬೋರ್ಡ್ ಐತಿ.”

“ನಾ ಭೂಮಿತಾಯಿಗೆ ಹಾಕಾಕಿ. ಹಕ್ಕಿ ಮುಟ್ಟಿದ್ರ ಆಕಿ ಉಂಡಂಗ.”

“ಇದು ನಮ್ಮ ಹೊಲ ಅಲ್ಲಬೇ.”

“ಹೊಲ ಬ್ಯಾರೆ ಇರಬಹುದು, ತಾಯಿ ಒಬ್ಬಾಕಿನ. ಆಕಿ ಉಪವಾಸ ಬಿದ್ರ ಹಿಂಗಾರಿ ಜ್ವಾಳ ಏಳೂದಿಲ್ಲ. ಆಮ್ಯಾಲ ನಿನ್ನ ತಮ್ಮಗ ನೀನ ಉತ್ತರಾ ಕೊಡು.”

“ಹುಲ್ಲುಲ್ಲಿಗೋ” ಎಂದು ಅತ್ತೆ ಚರಗದ ಕೂಗು ಹಾಕಿದ್ದು ನಾರ್ವೆಯವರೆಗೂ ಕೇಳಿಸಿರಬೇಕು. ಕಡುಬು, ಪುಂಡಿಪಲ್ಲೆ, ಸಜ್ಜಿರೊಟ್ಟಿ ನಾಲ್ಕು ದಿಕ್ಕಿಗೆ ಹಾರಿದವು. ಒಂದೊಂದೂ ಎಮ್ಮೆಕರುವಿನಷ್ಟಿದ್ದ ಬಿಳಿಯ ಕಡಲಹಕ್ಕಿಗಳು ಮುಗಿಬಿದ್ದವು. ಅರ್ಧ ತಾಸು ಸೂರ್ಯ ಕಾಣಲಿಲ್ಲ.

ಹಸಿರು ಜಾಕೀಟಿನ ಕಾವಲುಗಾರ್ತಿ ಬೋರ್ಡಿನ ಕಡೆ ಕೈ ತೋರಿಸುತ್ತ ಓಡಿಬಂದಳು. ಮಂಜುಳಾ ನನ್ನ ಬೆನ್ನ ಹಿಂದೆ ಸರಿದಳು. ಅರಮನೆಯಲ್ಲೂ ಆಡದಂಥ ಇಂಗ್ಲಿಷನ್ನು ನಾನು ಶುರು ಮಾಡುವಷ್ಟರಲ್ಲಿ ಅತ್ತೆ ಅವಳ ಚಾಚಿದ ಕೈಗೇ ಒಂದು ಕಡುಬಿಟ್ಟರು. ಹಕ್ಕಿಯೊಂದು ಅದನ್ನೂ ಎಗರಿಸಿತು. ಅತ್ತೆ ಇನ್ನೊಂದು ಕೊಟ್ಟು, ಅವಳ ತಲೆಯ ಮೇಲೆ ತಮ್ಮ ಸೆರಗು ಹಿಡಿದು, “ಈಗ ತಿನ್ನವಾ” ಎಂದರು. ಬೈಯಲು ಬಂದವಳು ಇಳಕಲ್ ಸೀರೆಯ ನೆರಳಲ್ಲಿ ಕಡುಬು ತಿಂದು, ಬೆರಳು ನೆಕ್ಕಿ, ಹಕ್ಕಿಗೆ ಹಾಕಿದ್ದು ಸಾಕೆಂದು ಆಕಾಶಕ್ಕೆ ಕೈ ತೋರಿಸಿ ಹೊರಟುಹೋದಳು.

ಆಗಲೇ ಬಾಳೇಶನ ಫೋನು ಬಂತು. ಧ್ವನಿಯಲ್ಲಿ ಗಾಬರಿ. “ಯವ್ವಾ, ಚರಗ ಚೆಲ್ಲಿ ಮಧ್ಯಾಹ್ನದಿಂದ ಹೊಲದಾಗ ಕುಂತೇನಿ. ಒಂದೂ ಹಕ್ಕಿ ಬಂದಿಲ್ಲಬೇ.”

ಅತ್ತೆ ತಲೆಯ ಮೇಲೆ ಸುತ್ತುತ್ತಿದ್ದ ಹಿಂಡನ್ನು ನೋಡಿ ನಿರಾಳವಾಗಿ ಕುಳಿತರು.

“ಎಲ್ಲಿ ಬರತಾವೋ ಬಾಳ್ಯಾ. ಬಿಳಿ ಅಂಗಿ ತೊಟಗೊಂಡು ಎಲ್ಲಾ ನನ್ನ ಹಿಂದನ ಬಂದಾವು.”