ಹನ್ನೆರಡು, ಏಳು, ನಾಲ್ಕು

“ಮಾವ, ಇಳೀರಿ! ಮಿಂಚು ನಾಲ್ಕೇ ಕಿಲೋಮೀಟರ್ ದೂರ ಇದೆ!” ಅಕ್ಷತಾ ತೋಟದ ಮನೆಯ ಜಗುಲಿಯಿಂದ ಕೂಗಿದಳು.

ಕೂಲಿಗೆ ಬಂದು ತೆಂಗಿನ ಮರದ ತುದಿಯಲ್ಲಿ ಕಾಯಿ ಕೆಡವುತ್ತಿದ್ದ ಮರಿಯಣ್ಣ ನಕ್ಕ. “ಟೇಪ್ ಹಿಡ್ಕೊಂಡು ಅಳೆದ್ಯಾ ಮಗಾ? ಮೋಡ ಇನ್ನೂ ಜಾವಗಲ್ ಮ್ಯಾಲೈತೆ. ನಾಕ್ ಮರ ಮುಗಿಸಿ ಬತ್ತೀನಿ.” ಮೂವತ್ತು ವರ್ಷ ಮರ ಹತ್ತಿದವನು ಆರನೇ ಕ್ಲಾಸಿನ ಹುಡುಗಿಯ ಮಾತಿಗೆ ಇಳಿದಾನೆಯೇ?

“ನಾಲ್ಕು ಅಂತ ನಿಂಗ್ಯಾರೇ ಹೇಳಿದ್ದು?” ಪಕ್ಕದಲ್ಲಿ ಕೂತಿದ್ದ ಅಜ್ಜಿ ಕಾಂತಮ್ಮ ಕೇಳಿದರು.

“ನೀವೇ ಅಜ್ಜಿ. ಹನ್ನೆರಡು ಸಲ ‘ಓಂ ನಮಃ ಶಿವಾಯ’ ಅಂದ್ರಲ್ಲ.”

ಮಿಂಚಿದ ಕೂಡಲೇ ಜಪ ಶುರು ಮಾಡಿ ಗುಡುಗಿದ ಮೇಲೆ ನಿಲ್ಲಿಸುವುದು ಕಾಂತಮ್ಮನ ರೂಢಿ. ಒಂದು ಜಪಕ್ಕೆ ಒಂದು ಸೆಕೆಂಡು ಎಂದು ಮೊಮ್ಮಗಳು ಲೆಕ್ಕ ಹಿಡಿದಿದ್ದಳು. “ಮೋಡದೊಳಗೆ ಮಂಜಿನ ಹರಳು ಉಜ್ಜಾಡಿ ಕರೆಂಟ್ ಹುಟ್ಟುತ್ತೆ. ಅದು ಹಾರಿದಾಗ ಗಾಳಿ ಕಾದು ಸಿಡಿಯುತ್ತೆ, ಅದೇ ಗುಡುಗು. ಬೆಳಕು ತಕ್ಷಣ ಕಾಣುತ್ತೆ, ಸದ್ದು ನಿಧಾನ. ಒಂದು ಕಿಲೋಮೀಟರ್ ಬರೋಕೆ ಮೂರು ಸೆಕೆಂಡ್ ಬೇಕು. ಮೂವತ್ತರ ಒಳಗೆ ಗುಡುಗಿದ್ರೆ ಮನೆ ಸೇರಬೇಕು ಅಂತ ಮಿಸ್ ಹೇಳಿದಾರೆ.”

“ಶಿವನ ನಾಮಾನ ಗಡಿಯಾರ ಮಾಡ್ಕೊಂಡ್ಯಾ? ಬಾಯ್ಮುಚ್ಚು!” ಕಾಂತಮ್ಮ ಗದರಿದರು.

ಅಷ್ಟರಲ್ಲಿ ಮತ್ತೆ ಮಿಂಚಿತು. ಜಪ ಏಳಕ್ಕೇ ನಿಂತಿತು. ಅಕ್ಷತಾ ಕಣ್ಣಲ್ಲಿ ನೀರು ತುಂಬಿಕೊಂಡು ಏಳು ಬೆರಳು ಎತ್ತಿ ತೋರಿಸಿದಳು. ಮುಂದಿನ ಮಿಂಚಿಗೆ ಕಾಂತಮ್ಮ ಸೆರಗಿನ ಮರೆಯಲ್ಲಿ ತಾವೇ ಬೆರಳು ಮಡಚಿದರು. ನಾಲ್ಕು ಬೆರಳು ಮಡಚುವಷ್ಟರಲ್ಲಿ ಗುಡುಗಿತು. ಅವರು ದಡಕ್ಕನೆ ಎದ್ದು ನಿಂತರು.

“ಮರಿಯಣ್ಣ, ಇಳಿಯೋ! ಕಾಯಿ ಹಾಳಾಗ್ಲಿ, ಇಳಿಯಪ್ಪಾ!”

ಕಾಂತಮ್ಮನ ಬೈಗುಳ ಅವನಿಗೆ ಹೊಸದಲ್ಲ. ಆದರೆ ಆ ದನಿಯಲ್ಲಿದ್ದ ಹೆದರಿಕೆಯನ್ನು ಅವನು ಎಂದೂ ಕೇಳಿರಲಿಲ್ಲ. ಸರಸರ ಇಳಿದು ಬಂದ. “ಈ ಮಗು ಮಾತು ಕಟ್ಕೊಂಡು ನೀವೂ ಸರಿ ಅಮ್ಮಾರೇ” ಎಂದು ಗೊಣಗುತ್ತಲೇ ಅವರಿಬ್ಬರ ಜೊತೆ ಒಳಗೆ ಬಂದ.

ಕಾಂತಮ್ಮ ಬಾಗಿಲ ಚಿಲಕ ಹಾಕುವ ಮೊದಲೇ ಕಣ್ಣು ಕುಕ್ಕುವ ಬೆಳಕೂ ಕಿವಿ ಗಡಚಿಕ್ಕುವ ಸದ್ದೂ ಒಟ್ಟಿಗೇ ಬಂದವು. ಕಿಟಕಿಯಾಚೆ ಅವನು ಈಗಷ್ಟೇ ಬಿಟ್ಟು ಬಂದ ಮರದ ಸುಳಿ ಧಗಧಗ ಉರಿಯುತ್ತಿತ್ತು. ಮರಿಯಣ್ಣ ಕಿಟಕಿಯಿಂದ ಮೋಡ ಸಾಗುವ ದಿಕ್ಕನ್ನೇ ನೋಡಿದ.

“ಮಗಾ, ಈ ಮೋಡ ಗಂಡಸಿ ಕಡೀಕೆ ಹೋಯ್ತದಾ?” ಎಂದ.

“ಗಾಳಿ ಆ ಕಡೆಗೇ ಇದೆ ಮಾವ. ಯಾಕೆ?”

ಅವನು ಸೊಂಟದಿಂದ ಫೋನ್ ತೆಗೆದ. ಎರಡು ಸಲ ತಪ್ಪು ಗುಂಡಿ ಒತ್ತಿದ. ಕೊನೆಗೂ ಆ ಕಡೆಯಿಂದ, ಕೂಲಿಗೆ ಗಂಡಸಿಗೆ ಹೋಗಿದ್ದ ಮಗ ಚೈತನ್ಯನ ನಗು ಕೇಳಿಸಿತು: “ಏನಪ್ಪೋ, ಮರದ ಮ್ಯಾಲಿವ್ನಿ. ಇಲ್ಲಿ ಬಿಸಿಲೈತೆ.”

“ಇಳಿಲಾ.”

“ಯಾಕಪ್ಪೋ?”

“ಯಾಕೆ ಅಂತ ನೆಲದ ಮ್ಯಾಲೆ ನಿಂತ್ಕೊಂಡು ಕೇಳ್ಲಾ!”